ಹೈಪರ್‌ಥರ್ಮಿಯಾ ಆಂಟೆನಾ ಅರೇ: 434 ಮೆಗಾಹರ್ಟ್ಸೋ, 2.45 ಗಿಗಾಹರ್ಟ್ಸೋ?

ಮಣಿಪಾಲದಲ್ಲಿ ಎಂ.ಟೆಕ್. ಪ್ರಾಜೆಕ್ಟ್‌ಗಾಗಿ, ರೇಡಿಯೋ ಅಲೆಯಿಂದ ಗಡ್ಡೆಯನ್ನು ಬಿಸಿ ಮಾಡುವ ಹೈಪರ್‌ಥರ್ಮಿಯಾ ಚಿಕಿತ್ಸೆಗೆಂದು 434 ಮೆಗಾಹರ್ಟ್ಸ್‌ನ 4 ಪ್ಯಾಚ್‌ಗಳ (ಚಪ್ಪಟೆ ಆಂಟೆನಾಗಳ) ಅರೇ ಮತ್ತು 2.45 ಗಿಗಾಹರ್ಟ್ಸ್‌ನ 16 ಪ್ಯಾಚ್‌ಗಳ ಅರೇ ಸಿಮ್ಯುಲೇಟ್ ಮಾಡಿದ್ದೀರಿ, ಎರಡರಲ್ಲೂ ಎಸ್11 (ಕೊಟ್ಟ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಎಂಬ ಅಳತೆ) ಚೆನ್ನಾಗಿದೆ, ಎದೆಗೋಡೆಯಲ್ಲಿ 3 ಸೆಂ.ಮೀ. ಆಳದ ಗಡ್ಡೆಗೆ ಯಾವುದು ಮೇಲು ಎಂದು ಕೇಳಿದ್ದೀರಿ.

434. ಎಸ್11 ನೋಡಿ ತೀರ್ಮಾನಿಸಬೇಡಿ. ಅದು −10 ಡಿಬಿಗಿಂತ ಕೆಳಗಿದ್ದರೆ ಶೇ. 90ರಷ್ಟು ಶಕ್ತಿ ವಾಪಸ್ ಬರಲಿಲ್ಲ ಅಂತಷ್ಟೇ. ಗಡ್ಡೆಗೆ ಹೋಯಿತೋ, ಚರ್ಮಕ್ಕೋ, ಪಕ್ಕದ ಪ್ಯಾಚ್‌ಗೋ ಗೊತ್ತಾಗುವುದಿಲ್ಲ. ಸ್ನಾಯುವಿನಲ್ಲಿ ವಿದ್ಯುತ್ ಕ್ಷೇತ್ರ 1/e ಗೆ (ಸುಮಾರು ಶೇ. 37ಕ್ಕೆ) ಇಳಿಯುವ ಆಳ 434ರಲ್ಲಿ ಸುಮಾರು 5 ಸೆಂ.ಮೀ., 2.45ರಲ್ಲಿ ಸುಮಾರು 2.2. ಎಸ್‌ಎಆರ್ (ಪ್ರತಿ ಕೆ.ಜಿ. ಅಂಗಾಂಶ ಹೀರುವ ವಾಟ್) ಕ್ಷೇತ್ರದ ವರ್ಗದಂತೆ ಇಳಿಯುವುದರಿಂದ, 3 ಸೆಂ.ಮೀ.ನಲ್ಲಿ ಮೊದಲನೆಯದು ಮೇಲ್ಮೈಯ ಶೇ. 30ರ ಆಸುಪಾಸು ಉಳಿಸಿಕೊಂಡರೆ ಎರಡನೆಯದು ಶೇ. 6–7. ಇದೂ ಸಮತಲ ಅಲೆಯ ಲೆಕ್ಕ. ಸಣ್ಣ ಪ್ಯಾಚ್‌ನಲ್ಲಿ ಇನ್ನೂ ಕಡಿಮೆ. 915 ಮೆಗಾಹರ್ಟ್ಸ್ ಯೋಚಿಸಿದ್ದರೆ ಬಿಡಿ, ಅದು ಅಮೆರಿಕ ಖಂಡಗಳ ಐಎಸ್‌ಎಂ (ಉದ್ಯಮ, ವಿಜ್ಞಾನ, ವೈದ್ಯಕೀಯ ಬಳಕೆಯ) ಬ್ಯಾಂಡ್, ನಮ್ಮಲ್ಲಿ ಅಲ್ಲ.

ಎರಡಕ್ಕೂ ಒಂದೇ ವಾಟ್ ಕೊಟ್ಟು ಹೋಲಿಸುವುದು ಇನ್ನೊಂದು ತಪ್ಪು ದಾರಿ. ಚಿಕಿತ್ಸೆಯಲ್ಲಿ ಪವರ್‌ಗೆ ಮಿತಿ ಹಾಕುವುದು ಆಂಪ್ಲಿಫಯರ್ ಅಲ್ಲ, ರೋಗಿಗೆ ಉರಿ ತರುವ ಹಾಟ್‌ಸ್ಪಾಟ್. ಆರೋಗ್ಯವಂತ ಅಂಗಾಂಶದ ಅತಿ ಬಿಸಿ ಶೇ. 1 ಭಾಗದ ಸರಾಸರಿ ಎಸ್‌ಎಆರ್ ಅನ್ನು ಗಡ್ಡೆಯ ಸರಾಸರಿಯಿಂದ ಭಾಗಿಸಿ. ಯಾವ ಅರೇಯಲ್ಲಿ ಈ ಅನುಪಾತ ಕಡಿಮೆಯೋ ಅದೇ ಒಳ್ಳೆಯದು. ಮಾಡೆಲ್‌ನಲ್ಲಿ ಕೊಬ್ಬಿನ ಪದರ ಇರಲೇಬೇಕು. 434ರಲ್ಲಿ ಸ್ನಾಯುವಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರವನ್ನು ವಸ್ತು ಎಷ್ಟು ತಗ್ಗಿಸುತ್ತದೆ ಎಂಬ ಅಂಕಿ) 57, ಕೊಬ್ಬಿನದು 5.6. ಪ್ಯಾಚ್‌ನ ಅಂಚಿನಲ್ಲಿ ಕ್ಷೇತ್ರ ಚರ್ಮಕ್ಕೆ ಲಂಬವಾದರೆ ಕೊಬ್ಬಿನಲ್ಲಿ ಅದು ಸ್ನಾಯುವಿನ ಹತ್ತು ಪಟ್ಟು, ಶಾಖ ಸುಮಾರು ಐದು ಪಟ್ಟು. ಬರೀ ಸ್ನಾಯುವಿನ ಮಾಡೆಲ್‌ನಲ್ಲಿ ಇದು ಕಾಣಿಸುವುದೇ ಇಲ್ಲ.

ಕಪ್ಲಿಂಗ್ (ಒಂದು ಪ್ಯಾಚ್‌ನಿಂದ ಇನ್ನೊಂದಕ್ಕೆ ಸೋರುವ ಶಕ್ತಿ) −20 ಡಿಬಿಗಿಂತ ಕೆಳಗಿರಲಿ. ಎಲ್ಲ ಪೋರ್ಟ್ ಒಟ್ಟಿಗೆ ಚಾಲೂ ಇಟ್ಟು, ಫೇಸ್ ಬದಲಿಸುತ್ತಾ ಆ್ಯಕ್ಟಿವ್ ರಿಫ್ಲೆಕ್ಷನ್ (ಉಳಿದ ಪೋರ್ಟ್‌ಗಳಿಂದ ಸೋರಿದ್ದೂ ಸೇರಿ ವಾಪಸ್ ಬರುವುದು) ನೋಡಿ. ಒಂಟಿಯಾಗಿ ಚಂದವಾಗಿದ್ದ ಪೋರ್ಟ್ ಇಲ್ಲಿ ಕೈಕೊಡಬಹುದು. ಘನ ಪಾಲಿಥೀನ್ ಇನ್ಸುಲೇಷನ್‌ನ ಕೇಬಲ್‌ನಲ್ಲಿ 1 ಸೆಂ.ಮೀ. ಉದ್ದದ ವ್ಯತ್ಯಾಸ 434ರಲ್ಲಿ ಸುಮಾರು 8 ಡಿಗ್ರಿ ಫೇಸ್, 2.45ರಲ್ಲಿ 45 ಡಿಗ್ರಿ.

ಇನ್ನು ಫ್ಯಾಂಟಮ್, ಅಂದರೆ ಅಳತೆಗೆ ಅಂಗಾಂಶದ ಬದಲು ಇಡುವ ನಕಲು. ಚೈನಾ ಗ್ರಾಸ್ (ಅಗರ್), ನೀರು, ಉಪ್ಪು, ಸಕ್ಕರೆ ಸಾಕು: ಉಪ್ಪು ಕಂಡಕ್ಟಿವಿಟಿ ಏರಿಸುತ್ತದೆ, ಸಕ್ಕರೆ ಪರ್ಮಿಟಿವಿಟಿ ಇಳಿಸುತ್ತದೆ. ಪ್ರೋಬ್‌ನಲ್ಲಿ ಅಳೆಯುತ್ತಾ 57 ಮತ್ತು 0.8 ಸೀಮೆನ್ಸ್/ಮೀ.ಗೆ ತನ್ನಿ. ಬಾವಿ ನೀರು ಬೇಡ, ಕಡಲ ಬದಿಯಲ್ಲಿ ಬೇಸಿಗೆಗೆ ಉಪ್ಪಾಗುತ್ತದೆ. ಬ್ಯಾಟರಿ ನೀರು ತನ್ನಿ, ಬೋಲಸ್‌ಗೂ (ಆಂಟೆನಾ ಮತ್ತು ಚರ್ಮದ ನಡುವಿನ ನೀರಿನ ಚೀಲ) ಅದೇ. ಮಳೆಗಾಲದಲ್ಲಿ ಅಗರ್ ಬೇಗ ಬೂಷ್ಟು ಹಿಡಿಯುತ್ತದೆ, ಅಳೆಯುವ ಹಿಂದಿನ ದಿನ ಎರೆದರೆ ಸಾಕು. 1 ಸೆಂ.ಮೀ. ಆಳದಲ್ಲಿ 6 ನಿಮಿಷಕ್ಕೆ 6 ಡಿಗ್ರಿ ಏರಬೇಕು, ಅಂದರೆ ಹೆಚ್ಚುಕಡಿಮೆ 60 ವಾಟ್/ಕೆ.ಜಿ. ಥರ್ಮೋಕಪಲ್‌ನ ಲೋಹ ಕ್ಷೇತ್ರವನ್ನೇ ಕೆಡಿಸುತ್ತದೆ. ಫೈಬರ್ ಆಪ್ಟಿಕ್ ಸಿಗದಿದ್ದರೆ ಪವರ್ ಆಫ್ ಮಾಡಿದ ಕೂಡಲೇ ಫ್ಯಾಂಟಮ್ ಎರಡು ಹೋಳಾಗಿ ಬಿಡಿಸಿ ಐಆರ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯಿರಿ.

ಬೋಲಸ್ 1–2 ಸೆಂ.ಮೀ. ದಪ್ಪ, ಗಾಳಿಗುಳ್ಳೆ ಇರಕೂಡದು. ಅದನ್ನು 20 ಡಿಗ್ರಿಗೆ ತಣಿಸಿದರೆ ನಮ್ಮ ತೇವದ ಗಾಳಿಯಲ್ಲಿ ಹೊರಮೈ ಬೆವರಿ ಕನೆಕ್ಟರ್‌ಗೆ ನೀರಿಳಿಯುತ್ತದೆ, ಮ್ಯಾಚಿಂಗ್ ಜಾರುತ್ತದೆ. ಎಸಿ ಹಾಕಿ ಕೋಣೆ ಒಣಗಿದ ಮೇಲೇ ಚಿಲ್ಲರ್ ಚಾಲೂ ಮಾಡಿ.