ಮರಿ ಇರೋ ತಾಯಿ ಕೋತಿ ಗಂಡನ್ನ ಹತ್ರಕ್ಕೂ ಬಿಡಲ್ವಾ?

ಪ್ರಶ್ನೆ: ಮರಿ ಅವಚ್ಕೊಂಡು ಕೂತಿದ್ದ ಹೆಣ್ಣು ಕೋತಿ, ಗಂಡು ಕೋತಿ ಹತ್ರ ಬಂದಾಗೆಲ್ಲ ಗುರ್ ಅಂತ ಓಡಿಸ್ತಿತ್ತು. ತಾಯಿ ಆದ್ಮೇಲೆ ಅದಕ್ಕೆ ಕೂಡೋ ಆಸೆನೇ ಹೋಗ್ಬಿಡುತ್ತಾ?

ಉತ್ತರ: ಹೋಗ್ಬಿಡಲ್ಲ, ಸ್ವಲ್ಪ ದಿನ ಮಲಗಿರುತ್ತೆ ಅಷ್ಟೇ. ಮಮತೆ ಅಂತ ನಾವು ಅಂದ್ಕೋತೀವಿ, ಆದ್ರೆ ಅದನ್ನ ಮಲಗಿಸಿರೋದು ಮರಿಯ ಬಾಯಿ. ಮರಿ ಗಳಿಗೆಗೊಂದ್ಸಲ ಮೊಲೆ ಚೀಪ್ತಿದ್ರೆ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಏರುತ್ತೆ, ಅಂಡಾಶಯಕ್ಕೆ ಕೆಲ್ಸ ಶುರು ಮಾಡು ಅಂತ ಮೆದುಳು ಕಳಿಸೋ ಸಿಗ್ನಲ್ ಕುಗ್ಗುತ್ತೆ, ಅಂಡಾಣು ಬಿಡುಗಡೆ ಆಗಲ್ಲ, ಹಂಗಾಗಿ ಬೆದೆಗೂ ಬರಲ್ಲ. ಮರಿ ಎಲೆ ಹಣ್ಣು ಅಂತ ತಾನೇ ತಿನ್ನೋಕೆ ಶುರು ಮಾಡಿ ಹಾಲು ಕಮ್ಮಿ ಕುಡಿದ್ರೆ ಎಲ್ಲ ಮತ್ತೆ ಶುರು. ರೀಸಸ್ ಕೋತಿಗಳಲ್ಲಂತೂ ಬೆದೆ ಸೀಸನ್ ಬಂತು ಅಂದ್ರೆ ತಾಯಿನೇ ಮರಿನ ಮೊಲೆಯಿಂದ ತಳ್ಳೋದು ಜಾಸ್ತಿ ಆಗುತ್ತೆ, ಮರಿ ಕಿರುಚಾಡಿ ರಂಪ ಮಾಡುತ್ತೆ, ನೋಡಿದ್ರೆ ಪಾಪ ಅನ್ಸುತ್ತೆ.

ಇದಕ್ಕೊಂದು ಕರಾಳ ಮುಖಾನೂ ಇದೆ. ಹಾಲು ಕುಡಿಯೋ ಮರಿ ಸತ್ರೆ ತಾಯಿ ಬೇಗ ಬೆದೆಗೆ ಬರುತ್ತೆ. 1960ರ ದಶಕದಲ್ಲಿ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ನಮ್ಮ ಧಾರವಾಡದ ಹತ್ರ ಮುಸಿಯಗಳನ್ನ ನೋಡ್ತಿದ್ದಾಗ, ಹೊರಗಿಂದ ಬಂದ ಗಂಡು ಹಳೇ ಯಜಮಾನನ್ನ ಓಡಿಸಿ ಗುಂಪಿನ ಮರಿಗಳನ್ನ ಕೊಂದಿದ್ದು, ಆಮೇಲೆ ಅದೇ ತಾಯಂದಿರ ಜೊತೆ ಕೂಡಿದ್ದು ಕಣ್ಣಿಗೆ ಬಿತ್ತು. ಮುಂದೆ 1970ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಸಾರಾ ಹರ್ಡಿ ಅನ್ನೋ ವಿಜ್ಞಾನಿ ಹೆಣ್ಣುಗಳ ಕಡೆಯಿಂದ ಈ ಕಥೆ ನೋಡಿದ್ರು. ಈಗಾಗ್ಲೇ ಬಸುರಾಗಿರೋ ಮುಸಿಯ ಕೂಡ ಹೊಸ ಗಂಡನ್ನ ಕರೆದು ಕೂಡುತ್ತೆ! ಮರಿ ಆಗೋಕಲ್ಲ ಮತ್ತೆ ಯಾಕೆ ಅಂದ್ರೆ, ಮುಂದೆ ಹುಟ್ಟೋ ಮರಿ ತನ್ನದೇ ಇರಬಹುದು ಅನ್ನೋ ಗೊಂದಲದಲ್ಲಿ ಗಂಡು ಅದರ ತಂಟೆಗೆ ಬರದೇ ಇರಲಿ ಅಂತ, ಇದು ಹರ್ಡಿ ಅವರ ವಾದ. ಕೋತಿ ಕೂತ್ಕೊಂಡು ಲೆಕ್ಕ ಹಾಕುತ್ತೆ ಅಂತ ಅಲ್ಲ, ಹಂಗೆ ನಡ್ಕೊಂಡ ತಾಯಂದಿರ ಮರಿಗಳು ಹೆಚ್ಚು ಉಳಿದು ಆ ಸ್ವಭಾವನೂ ಉಳ್ಕೊಳ್ತು. ನನಗಂತೂ ಈ ವಾದ ಒಪ್ಪಿಗೆ ಆಗುತ್ತೆ.

ಎಲ್ಲಾ ಕೋತಿಗೂ ಇದೇ ರೂಲ್ ಅಂದ್ಕೋಬೇಡಿ ಮತ್ತೆ. ದಕ್ಷಿಣ ಅಮೆರಿಕದ ಪುಟಾಣಿ ಮಾರ್ಮೊಸೆಟ್ ಸಾಮಾನ್ಯವಾಗಿ ಅವಳಿ ಹೆರುತ್ತೆ, ಹೆತ್ತು ಕೆಲವೇ ವಾರಕ್ಕೆ, ಇನ್ನೂ ಹಾಲು ಕುಡಿಸ್ತಿರೋವಾಗ್ಲೇ ಮತ್ತೆ ಬಸುರಾಗಬಹುದು. ಹೆಂಗೆ ಸಾಧ್ಯ ಅಂತೀರಾ, ಅಲ್ಲಿ ಮರಿ ಹೊತ್ಕೊಂಡು ತಿರುಗೋದ್ರಲ್ಲಿ ಅಪ್ಪಂದೂ ದೊಡ್ಡ ಪಾಲು ಇದೆ.