ಆರೋಗ್ಯ ಇಲಾಖೆಯ ಸಲಹೆ ಬದಲಾದಾಗ ಜನರ ನಂಬಿಕೆ ಯಾಕೆ ಕುಸಿಯುತ್ತದೆ?

ಸಲಹೆ ಬದಲಾಗಿದ್ದಕ್ಕಿಂತ, ಯಾಕೆ ಬದಲಾಯಿತು ಅಂತ ಬಿಡಿಸಿ ಹೇಳದಿದ್ದಾಗ ನಂಬಿಕೆ ಜಾಸ್ತಿ ಕುಸಿಯುತ್ತದೆ. ಆ ಕಾರಣವನ್ನು ಆಮೇಲೆ ಜನರೇ ಊಹಿಸಿಕೊಳ್ಳುತ್ತಾರೆ.

ಕೋವಿಶೀಲ್ಡ್ ಲಸಿಕೆಯನ್ನೇ ನೋಡಿ. 2021ರ ಶುರುವಿನಲ್ಲಿ ಎರಡು ಡೋಸ್ ನಡುವೆ 4ರಿಂದ 6 ವಾರ ಅಂದರು. ಮಾರ್ಚ್‌ನಲ್ಲಿ ಅದನ್ನು 8 ವಾರದವರೆಗೆ ಹೆಚ್ಚಿಸಿದರು, ಮೇ ತಿಂಗಳಲ್ಲಿ 12ರಿಂದ 16 ವಾರ ಮಾಡಿದರು. ಇದಕ್ಕೆ ಬ್ರಿಟನ್ನಿನ ಅನುಭವದ ಆಧಾರವಿತ್ತು. ಆದರೆ ಅದೇ ಹೊತ್ತಿಗೆ ಲಸಿಕೆಯ ಕೊರತೆಯೂ ಇತ್ತು. ಕರ್ನಾಟಕದಲ್ಲಿ 18ರಿಂದ 44 ವಯಸ್ಸಿನವರಿಗೆ ಕೊಡುವುದನ್ನೇ ನಿಲ್ಲಿಸಿದ್ದರು. '84 ದಿನ (12 ವಾರ) ಆಗಿಲ್ಲ' ಅನ್ನಿಸಿಕೊಂಡು ಲಸಿಕೆ ಕೇಂದ್ರದ ಬಾಗಿಲಿಂದ ವಾಪಸ್ ಬಂದವರು 'ಸ್ಟಾಕ್ ಇಲ್ಲ, ಅದಕ್ಕೇ ಈ ನೆಪ' ಅಂದುಕೊಂಡರೆ ಸಹಜ ಅಲ್ವಾ? 'ಸದ್ಯ ಗೊತ್ತಿರುವುದು ಇಷ್ಟು, ಮುಂದೆ ಅಂತರ ಬದಲಾಗಬಹುದು' ಅಂತ ಮೊದಲೇ ಒತ್ತಿ ಹೇಳಿದ್ದರೆ ಅನುಮಾನ ಇಷ್ಟು ಬೆಳೆಯುತ್ತಿರಲಿಲ್ಲ.