ಮಾನಸಿಕ ಕಾಯಿಲೆ ಇರುವವರನ್ನು ಆಸ್ಪತ್ರೆಯಲ್ಲೇ ಕೂಡಿಹಾಕಬೇಕಾ?

ಹೆಚ್ಚಿನವರ ವಿಷಯದಲ್ಲಿ ಖಂಡಿತ ಬೇಡ. ಇಟಲಿ ಇದನ್ನು ಮಾಡಿ ತೋರಿಸಿದೆ. ಫ್ರಾಂಕೊ ಬಜಾಲಿಯಾ ಎಂಬ ಮನೋವೈದ್ಯರು 1971ರಲ್ಲಿ ಅಲ್ಲಿನ ಟ್ರಿಯೆಸ್ಟೆ ನಗರದ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು. ಬೀಗಗಳನ್ನು ತೆಗೆಸಿದರು. ರೋಗಿಗಳಿಗೆ ಸಂಬಳದ ಕೆಲಸ ಸಿಗಲಿ ಅಂತ ಅಲ್ಲಿ ಸಹಕಾರ ಸಂಘವೂ ಶುರುವಾಯಿತು. 1978ರ 180ನೇ ಕಾನೂನು ಇಟಲಿಯ ಮಾನಸಿಕ ಆಸ್ಪತ್ರೆಗಳಿಗೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಿತು. ಟ್ರಿಯೆಸ್ಟೆಯ ಬಡಾವಣೆಗಳಲ್ಲಿ ದಿನದ 24 ಗಂಟೆ ತೆರೆದಿರುವ ಕೇಂದ್ರಗಳು ಬಂದವು. ಕಾಯಿಲೆ ತೀರಾ ಜಾಸ್ತಿಯಾದರೆ ಕೆಲವು ದಿನ ಸಾಮಾನ್ಯ ಆಸ್ಪತ್ರೆಯ ವಾರ್ಡ್, ಅಷ್ಟೇ.

ಆದರೆ ಸುಮ್ನೆ ಬೀಗ ತೆಗೆದರೆ ಸಾಲದು. ಅಮೆರಿಕದಲ್ಲಿ ದೊಡ್ಡ ಆಸ್ಪತ್ರೆಗಳನ್ನು ಮುಚ್ಚಿದರು, ಮನೆಯ ಹತ್ತಿರ ಸಿಗಬೇಕಿದ್ದ ಚಿಕಿತ್ಸೆಗೆ ಸಾಕಷ್ಟು ಹಣ ಕೊಡಲಿಲ್ಲ. ಎಷ್ಟೋ ಜನ ಬೀದಿಗೆ ಬಿದ್ದರು, ಜೈಲು ಸೇರಿದರು. ಕಾಯಿಲೆ ಬಂದವರಿಗೆ ಜೈಲು, ಇದು ಅನ್ಯಾಯ ಅಲ್ವಾ? ನನ್ನ ಪ್ರಕಾರ ಅವರಿಗೆ ಮೊದಲು ಬೇಕಾದದ್ದು ಇರಲು ಮನೆ, ಹತ್ತಿರದಲ್ಲೇ ಸಿಗುವ ವೈದ್ಯರು, ಮಾಡಲು ಒಂದು ಕೆಲಸ.